ಎಡಕ್ಕೆ ಮಡಿಸಿದ ಮೂಲೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನಿಂದ ಇಳಿದು ಬಲಕ್ಕೆ ತಿರುಗಿದರೆ ಸಿಗುವ ಕಿಟಕಿಯಿಲ್ಲದ ಉದ್ದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದ ಆಕೆಯನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಮೇಲಿನ ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಕತ್ತರಿ, ಇಕ್ಕಳ, ಚಿಮಟಗಳೆಲ್ಲ ರಕ್ತ ಮೆತ್ತಿಕೊಂಡು ಇಲ್ಲಿಗೆ ಇಳಿಯುತ್ತವೆ. ಒಂದು ಕೊನೆಯಲ್ಲಿ ಅವನ್ನು ತೊಳೆಯುತ್ತಾರೆ. ನಡುವಿನ ಮೇಜಿನ ಮೇಲೆ ಪಟ್ಟಿ ನೋಡಿ ಎಣಿಸಿ, ಟ್ರೇಗೆ ಜೋಡಿಸಿ, ಹಸಿರು ಬಟ್ಟೆಯಲ್ಲಿ ಎರಡು ಸುತ್ತು ಕಟ್ಟುತ್ತಾರೆ. ಇನ್ನೊಂದು ಕೊನೆಯ ಆಟೋಕ್ಲೇವ್ ಯಂತ್ರದ ಆವಿಯಲ್ಲಿ ಬೇಯಿಸಿ ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಡಾಕ್ಟರಿಗೆ ಕೈಮುಗಿದು ಮನೆಗೆ ಹೋಗುವ ರೋಗಿಗಳಿಗೆ ಇಂಥದೊಂದು ಕೋಣೆ ಇದೆಯೆಂಬುದೇ ಗೊತ್ತಿರುವುದಿಲ್ಲ. ದೊಡ್ಡಕ್ಕನಿಗೆ ಅದೇ ಹಿತವಾಗಿತ್ತು.

ಟ್ರೇ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆ ಕೋಣೆಯಲ್ಲಿ ಅವಳೊಬ್ಬಳೇ ಎಡಗೈಯವಳು. ಆ ಎಡಗೈ ಬಟ್ಟೆಯ ನಾಲ್ಕು ಮೂಲೆಗಳನ್ನು ಸರಸರನೆ ಮಡಿಸಿ, ಒಂದು ಸುಕ್ಕೂ ಇಲ್ಲದಂತೆ ಬಿಗಿದು, ಬಿಚ್ಚುವವರು ಹಿಡಿದೆಳೆಯಲೆಂದು ಕೊನೆಯ ಮೂಲೆಯ ತುದಿಯನ್ನು ಕಿವಿಯಂತೆ ಹೊರಕ್ಕೆ ತಿರುಗಿಸಿಬಿಡುತ್ತಿತ್ತು. ಉಳಿದವರು ಒಂದು ಟ್ರೇ ಮುಗಿಸುವಷ್ಟರಲ್ಲಿ ಅವಳದು ಎರಡಾಗಿರುತ್ತಿತ್ತು.

ಪ್ರತಿ ಟ್ರೇಗೂ ಒಂದು ಚೀಟಿ ಅಂಟಿಸಬೇಕು, ಅದರಲ್ಲಿ ಕಟ್ಟಿದವರು ತಮ್ಮ ಸಂಖ್ಯೆ ಬರೆಯಬೇಕು. ಆಪರೇಷನ್ ಆದ ಮೇಲೆ ಆ ಚೀಟಿ ರೋಗಿಯ ಫೈಲು ಸೇರುತ್ತದೆ. ದೊಡ್ಡಕ್ಕನ ಸಂಖ್ಯೆ ಏಳು. ಆದರೆ ಹನ್ನೊಂದು ವರ್ಷಗಳಿಂದ ಆ ಆಸ್ಪತ್ರೆಯ ಯಾವ ಫೈಲಿನಲ್ಲೂ ಏಳು ಎಂಬ ಸಂಖ್ಯೆ ಇರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹನ್ನೊಂದು ವರ್ಷಗಳ ಹಿಂದೆ ಅವಳು ಕಟ್ಟಿದ ಟ್ರೇಯಲ್ಲಿ ಹರಿತವಿಲ್ಲದ ಕತ್ತರಿಯೊಂದು ಮೇಲೆ ಹೋಗಿತ್ತು. ಸಿಟ್ಟಿನ ಡಾಕ್ಟರೊಬ್ಬರು ಚೀಟಿಯನ್ನು ಗಾಳಿಯಲ್ಲಿ ಆಡಿಸುತ್ತಾ, "ಯಾರದು ಈ ಏಳು? ಕರೀರಿ ಮೇಲಕ್ಕೆ!" ಎಂದು ಕೂಗಿದ್ದರು. ಥಿಯೇಟರಿನ ಬಾಗಿಲಲ್ಲಿ, ನರ್ಸುಗಳು, ಸ್ಟ್ರೆಚರು ತಳ್ಳುವವರು, ಹಾದು ಹೋಗುವವರೆಲ್ಲರ ಎದುರು ಅವಳನ್ನು ನಿಲ್ಲಿಸಿ ಹಿಗ್ಗಾಮುಗ್ಗಾ ಬೈದಿದ್ದರು. ಕೆಳಗೆ ಬಂದವಳು ತೊಳೆಯುವ ತೊಟ್ಟಿಗೆ ವಾಂತಿ ಮಾಡಿಕೊಂಡಳು. ಆಗ ಕೋಣೆಯ ಮುಖ್ಯಸ್ಥರಾಗಿದ್ದ ಮುದುಕರು ಕರುಳುಳ್ಳವರು. "ಆಯ್ತು ಬಿಡಮ್ಮ, ನೀನು ಕಟ್ಟು. ನನ್ನ ನಂಬರ್ ಹಾಕ್ಕೋತೀನಿ. ಬೈದ್ರೆ ನನ್ನ ಬೈಲಿ, ನನ್ನ ಕಿವಿ ಹೇಗೂ ಮಂದ" ಎಂದರು. ಒಂದು ವಾರಕ್ಕೆಂದು ಶುರುವಾದದ್ದು ಅಭ್ಯಾಸವಾಯಿತು, ಅಭ್ಯಾಸ ಆ ಕೋಣೆಯ ಪದ್ಧತಿಯೇ ಆಯಿತು.

ಮುದುಕರು ನಿವೃತ್ತರಾದಾಗ ಮುಖ್ಯಸ್ಥರ ಕುರ್ಚಿ ನೇರ ದೊಡ್ಡಕ್ಕನ ಬಳಿಗೇ ಬಂತು. "ನನಗ್ಯಾಕೆ ಸರ್ ಆ ತಾಪತ್ರಯ, ಹೆಸರು ಗಿಸರು ನನಗೆ ಬೇಡ, ಕೆಲಸ ಕೊಡಿ ಸಾಕು" ಎಂದು ಅವಳು ಅದನ್ನು ಆಚೆ ತಳ್ಳಿದಳು. ಕುರ್ಚಿ ಅವಳೇ ಪಳಗಿಸಿದ ಹುಡುಗಿಗೆ ಹೋಯಿತು. ಪುಟ್ಟ ಆಳು, ನಿಂತಲ್ಲಿ ನಿಲ್ಲದವಳು, ಎಲ್ಲರ ಬಾಯಲ್ಲೂ ಗುಬ್ಬಿ. ಗುಬ್ಬಿಯ ಸಂಖ್ಯೆ ಹದಿಮೂರು. ದೊಡ್ಡಕ್ಕ ಕಟ್ಟಿದ ಟ್ರೇಗಳ ಮೇಲೆಲ್ಲ ಈಗ ಹದಿಮೂರು ಬಿದ್ದಿತು. ಫೈಲುಗಳನ್ನು ನೋಡುವ ಆಫೀಸಿನವರು ಹದಿಮೂರನ್ನು ಹೊಗಳಿದರು. ಮೆಟ್ಟಿಲ ಪಕ್ಕದ ಗೋಡೆಗೆ, ವರ್ಷದ ಒಳ್ಳೆಯ ಕೆಲಸಗಾರ್ತಿ ಎಂದು ಗುಬ್ಬಿಯ ಫೋಟೋ ಏರಿತು. ಗುಬ್ಬಿಗೆ ನಾಚಿಕೆ. "ಇದು ನಿಮ್ಮದು ದೊಡ್ಡಕ್ಕ, ನಂಗೆ ಮುಜುಗರ ಆಗುತ್ತೆ" ಎಂದಳು. ದೊಡ್ಡಕ್ಕ, "ಫೋಟೋದಲ್ಲಿ ನನ್ನ ಮೂಗು ದಪ್ಪ ಕಾಣುತ್ತೆ ಕಣೇ, ನೀನೇ ಇರು" ಎಂದು ನಗಿಸಿದಳು.

ಕುರ್ಚಿಯನ್ನೂ ಬೇಡವೆಂದವಳು ಎಂದು ಆಸ್ಪತ್ರೆಯಲ್ಲಿ ಅವಳಿಗೆ ಎಲೆಮರೆಯ ಕಾಯಿ ಎಂಬ ಹೆಸರು ಬಿತ್ತು. ಹೆಸರು ಬೇಡವೆಂದವಳಿಗೆ ಅದೊಂದು ಹೆಸರು ಮಾತ್ರ ಬಲು ರುಚಿಸಿತು ಎಂಬುದನ್ನು ಮುಚ್ಚಿಟ್ಟು ಏನು ಪ್ರಯೋಜನ? ಊಟದ ಬಿಡುವಿನಲ್ಲಿ ಯಾರಾದರೂ ಹಾಗೆಂದರೆ ತಲೆ ತಗ್ಗಿಸಿ, "ಅಯ್ಯೋ, ನಂದೇನಿದೆ" ಎನ್ನುವಳು. ತಗ್ಗಿಸಿದ ಮುಖದಲ್ಲಿ ಸಣ್ಣದೊಂದು ನಗು ಇರುತ್ತಿತ್ತು.

ಆ ಸೋಮವಾರ ಬೆಳಗ್ಗೆ ಅವಳು ಹೊಟ್ಟೆಯ ಆಪರೇಷನ್ನಿನ ದೊಡ್ಡ ಟ್ರೇ ಕಟ್ಟುತ್ತಿದ್ದಳು. ಅದರಲ್ಲಿ ಗಾಯವನ್ನು ಅಗಲಿಸಿ ಹಿಡಿಯುವ ಉಕ್ಕಿನ ಚೌಕಟ್ಟೊಂದಿದೆ. ಅದಕ್ಕೆ ಶರ್ಟಿನ ಗುಂಡಿಯಷ್ಟು ದೊಡ್ಡ ನಾಲ್ಕು ನಟ್ಟು. ಮೂರಿದ್ದರೂ ಚೌಕಟ್ಟು ನಿಲ್ಲುತ್ತದೆ, ಆದ್ದರಿಂದಲೇ ನಾಲ್ಕನೆಯದು ಇಲ್ಲವೆಂದು ಯಾರಿಗೂ ಹೊಳೆಯುವುದಿಲ್ಲ. ಪಟ್ಟಿಯಲ್ಲಿ 'ನಟ್ಟು ನಾಲ್ಕು' ಎಂಬುದಕ್ಕೆ ಗೀಟು ಹಾಕಿದ ಮೇಲೆ ಒಂದು ನಟ್ಟು ಬಿಗಿಯಾಗಿದೆ ಅನ್ನಿಸಿ, ನಾಲ್ಕನ್ನೂ ಬಿಚ್ಚಿ ಎಣ್ಣೆ ಹಾಕಲು ಕುಳಿತಳು. ಬಿಚ್ಚಿದ ನಟ್ಟುಗಳನ್ನು ಇಡಲು ಸ್ಟೀಲಿನ ಬಟ್ಟಲಿದೆ. ಆದರೆ ದೊಡ್ಡಕ್ಕನಿಗೆ ಮೊದಲಿನಿಂದಲೂ ತನ್ನ ಕನ್ನಡಕದ ಪೆಟ್ಟಿಗೆಯೇ ಬಟ್ಟಲು. ಬಟ್ಟಲು ಉರುಳುತ್ತದೆ, ಪೆಟ್ಟಿಗೆ ಉರುಳುವುದಿಲ್ಲ ಎಂಬುದು ಅವಳ ವಾದ.

ಮೂರು ನಟ್ಟು ತಿರುಗಿಸಿ ಕೂರಿಸುವಷ್ಟರಲ್ಲಿ ಆಟೋಕ್ಲೇವ್ ಕಿರುಚಿಕೊಂಡಿತು. ಓಡಿಹೋಗಿ ನೋಡಿದಳು. ಬಾಗಿಲು ಸರಿಯಾಗಿ ಕೂತಿರಲಿಲ್ಲ, ಆವಿ ಸೋರುತ್ತಿತ್ತು. ಅದನ್ನು ಸರಿಪಡಿಸಿ ಬರುವಾಗ ಕನ್ನಡಕ ಪೂರ್ತಿ ಮಂಜಾಗಿತ್ತು. ಪೆಟ್ಟಿಗೆಯಲ್ಲಿದ್ದ ಬಟ್ಟೆ ತೆಗೆದು ಒರೆಸಿ, ಬಟ್ಟೆಯನ್ನು ಮತ್ತೆ ಪೆಟ್ಟಿಗೆಗೆ ತುರುಕಿ, ಟಪ್ಪೆಂದು ಮುಚ್ಚಿದಳು. ಅತ್ತ ಗುಬ್ಬಿ ಫೋನು ಕಿವಿಗಿಟ್ಟುಕೊಂಡೇ ಕೈಸನ್ನೆ ಮಾಡುತ್ತಿದ್ದಳು. "ಥಿಯೇಟರಿನವರು ಆಗಲೇ ಎರಡು ಸಲ ಕೇಳಿದ್ರು ದೊಡ್ಡಕ್ಕ!" ಗೀಟು ಹಾಕಿದ ಪಟ್ಟಿ ಕಣ್ಣೆದುರೇ ಇತ್ತು. ದೊಡ್ಡಕ್ಕನ ಎಡಗೈ ಸರಸರನೆ ಕಟ್ಟಿತು. ಗುಬ್ಬಿ ಫೋನನ್ನು ಭುಜಕ್ಕೆ ಒತ್ತಿಕೊಂಡೇ ಚೀಟಿಯ ಮೇಲೆ ಹದಿಮೂರು ಬರೆದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಲಿಫ್ಟಿಗಿಂತ ಬೇಗ ಕೆಳಗಿಳಿಯಿತು. ಆಪರೇಷನ್ ಮುಗಿದು ಹೊಲಿಗೆ ಹಾಕಿದ ಮೇಲೆ ಎಣಿಸಿದರೆ ಒಂದು ನಟ್ಟು ಕಡಿಮೆ. ಎಕ್ಸ್‌ರೇ ಯಂತ್ರ ಬೇರೆ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಡಾಕ್ಟರು ಕಾಯದೆ ಹೊಲಿಗೆ ಬಿಚ್ಚಿ ಮತ್ತೆ ಒಳಗೆ ಹುಡುಕಿದರು. ಏನೂ ಸಿಗಲಿಲ್ಲ. ಆಮೇಲೆ ತೆಗೆದ ಎಕ್ಸ್‌ರೇಯಲ್ಲೂ ಏನಿಲ್ಲ. ಕಸದ ಚೀಲಗಳನ್ನೆಲ್ಲ ನೆಲಕ್ಕೆ ಸುರಿದು ಜಾಲಾಡಿದರು. ರೋಗಿ ಒಂದೂವರೆ ಗಂಟೆ ಹೆಚ್ಚಿಗೆ ಮತ್ತಿನಲ್ಲೇ ಮಲಗಿರಬೇಕಾಯಿತು. ಒಳಗಿಲ್ಲ, ಹೊರಗಿಲ್ಲ ಎಂದ ಮೇಲೆ ಟ್ರೇ ಹೋಗುವಾಗಲೇ ಮೂರಿದ್ದವು ಎಂದು ತೀರ್ಮಾನವಾಯಿತು. ಚೀಟಿ ನೋಡಿದರು. ಹದಿಮೂರು.

"ನಾಲ್ಕಿದ್ವು, ನಾನೇ ಗೀಟು ಹಾಕಿದೀನಿ" ಎಂದು ದೊಡ್ಡಕ್ಕ ಗುಬ್ಬಿಯ ಕೈ ಹಿಡಿದು ಹೇಳಿದಳು. ಹಾಗೆಂದೇ ನಂಬಿದ್ದಳು. ಮೇಲಿನವರೇ ಎಲ್ಲೋ ಬೀಳಿಸಿ ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ಸಂಜೆ ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಅವರ ಮೇಲೆ ಹರಿಹಾಯ್ದಳು.

ಮನೆಯಲ್ಲಿ ಕರೆಂಟ್ ಬಿಲ್ಲಿನ ಸಣ್ಣಕ್ಷರ ಓದಲೆಂದು ಕನ್ನಡಕದ ಪೆಟ್ಟಿಗೆ ತೆರೆದಳು. ಬಟ್ಟೆ ಎಳೆದಾಗ ಅದರಡಿಯಿಂದ ಏನೋ ಠಣ್ಣೆಂದು ನೆಲಕ್ಕೆ ಬಿದ್ದು ಸ್ಟೂಲಿನ ಕಾಲಿಗೆ ಹೋಗಿ ನಿಂತಿತು. ಬಗ್ಗಿ ಎತ್ತಿಕೊಂಡಳು. ಅವಳೇ ಹಾಕಿದ ಎಣ್ಣೆ ಇನ್ನೂ ಬೆರಳಿಗೆ ಅಂಟುತ್ತಿತ್ತು.

ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬಾಗಿಲ ಬಳಿ ಶೂ ಕಳಚುತ್ತಾ, "ಏನೇ, ದೆವ್ವ ನೋಡಿದೋಳ ಥರ ನಿಂತಿದೀಯ?" ಎಂದ. ಅವಳು ನಟ್ಟನ್ನು ಮುಷ್ಟಿಯೊಳಗೆ ಮುಚ್ಚಿ, ಟ್ರೇಯ ಕಥೆ ಮಾತ್ರ ಹೇಳಿದಳು. ಅವನು ಎಲ್ಲ ಕೇಳಿ, "ಚೀಟಿ ಮೇಲೆ ನಿನ್ನ ನಂಬರ್ ಇಲ್ವಲ್ಲ? ಮತ್ತೆ ನಿಂಗ್ಯಾಕೆ ತಲೆನೋವು?" ಎಂದ.

"ಒಂದು ವೇಳೆ ಕಟ್ಟಿದೋರ್ದೇ ತಪ್ಪಾಗಿದ್ರೆ, ರೀ?"

"ಕಟ್ಟಿದೋರು ಯಾರು ಅಂತ ಯಾರಿಗೆ ಗೊತ್ತು?" ಎಂದು ನಕ್ಕ. ಆಮೇಲೆ ಶೂ ಎತ್ತಿಡುತ್ತಾ, ತನ್ನ ಪಾಡಿಗೆ ತಾನು ಹೇಳಿಕೊಳ್ಳುವವನಂತೆ, "ನನ್ನ ಕೆಲಸದಲ್ಲಿ ಆ ಸುಖ ಇಲ್ಲ ನೋಡು. ಸ್ಟೇರಿಂಗ್ ಹಿಡ್ಕೊಂಡಿರೋದು ಕಲಿಯೋ ಹುಡುಗಿ. ಆದ್ರೆ ನನ್ನ ಕಾಲಡಿಗೂ ಒಂದು ಬ್ರೇಕಿದೆ. ಗುದ್ದಿದ್ರೆ ಯಾರೂ ಅವಳನ್ನ ಕೇಳಲ್ಲ, ನನ್ನ ಲೈಸೆನ್ಸ್ ಕೇಳ್ತಾರೆ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಆದರೂ ದೊಡ್ಡಕ್ಕನಿಗೆ ಅವನು ಬೇಕೆಂದೇ ಚುಚ್ಚಿದಂತಾಯಿತು.

ಮಂಗಳವಾರ ಗುಬ್ಬಿಯನ್ನು ಕೆಲಸದಿಂದ ತಾತ್ಕಾಲಿಕವಾಗಿ ನಿಲ್ಲಿಸಿದರು. ಗುರುವಾರ ವಿಚಾರಣೆ, ಅಲ್ಲಿ ತಪ್ಪು ಗಟ್ಟಿಯಾದರೆ ಕೆಲಸವೇ ಹೋಗುತ್ತದೆ. ಲಾಕರಿನಿಂದ ತನ್ನ ಸಾಮಾನು ಒಯ್ಯಲು ಗುಬ್ಬಿ ಬಂದಾಗ ಕೋಣೆಯಲ್ಲಿ ಇಬ್ಬರೇ ಇದ್ದರು. ಬಾಚಣಿಗೆ, ಚಪ್ಪಲಿ, ಒಂದು ಸ್ವೆಟರು, ಟೀ ಲೋಟ. ಒಂದೊಂದನ್ನೇ ಚೀಲಕ್ಕೆ ಹಾಕುತ್ತಾ ಅಳು ನುಂಗುತ್ತಿದ್ದಳು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಫೋಟೋ ಇದ್ದ ಜಾಗ ಆಗಲೇ ಖಾಲಿಯಾಗಿತ್ತು.

"ಮನೇಲಿ ಇನ್ನೂ ಹೇಳಿಲ್ಲ ದೊಡ್ಡಕ್ಕ. ಅಪ್ಪ ಆ ಫೋಟೋ ನೋಡೋಕೆ ಅಂತಾನೇ ಒಂದಿನ ಇಲ್ಲಿಗೆ ಬಂದಿದ್ರು."

ದೊಡ್ಡಕ್ಕನ ಕೈಚೀಲ ಮೇಜಿನ ಮೇಲಿತ್ತು. ಅದರೊಳಗೆ ಕನ್ನಡಕದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನಟ್ಟು. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಆದರೆ ಥಿಯೇಟರಿನ ಬಾಗಿಲು, ಗಾಳಿಯಲ್ಲಿ ಆಡುವ ಚೀಟಿ, ಯಾರದು ಈ ಏಳು ಎಂಬ ಕೂಗು, ಎಲ್ಲ ಕಣ್ಣೆದುರು ಬಂದು ನಿಂತವು.

ಗುಬ್ಬಿಯೇ ಅವಳನ್ನು ಸಮಾಧಾನ ಮಾಡಿದಳು. "ನೀವ್ಯಾಕೆ ಬಾಡಿಹೋಗಿದೀರ? ನೀವು ನಾಲ್ಕಿತ್ತು ಅಂದ್ರೆ ನಾಲ್ಕಿತ್ತು. ಆದ್ರೆ ಎಣಿಸದೇ ನಂಬರ್ ಹಾಕಿದ್ದು ನಾನು ತಾನೇ? ತಪ್ಪು ನಂದೇ. ಒಳಗೆ ಕರೆದು ಕೇಳಿದ್ರೆ ನಿಮ್ಮ ಹೆಸರು ಎತ್ತಲ್ಲ. ನೀವು ಕಲಿಸಿದ್ದಕ್ಕೆ ಅಷ್ಟಾದ್ರೂ ಮಾಡ್ತೀನಿ."

ದೊಡ್ಡಕ್ಕ "ಹೂಂ" ಎಂದಳು. ಅಷ್ಟೇ ಎಂದಳು. ಗುಬ್ಬಿ ಟೀ ಲೋಟ ಮರೆತು ಹೋದಳು, ದೊಡ್ಡಕ್ಕ ಅದನ್ನು ತೊಳೆದು ಮತ್ತೆ ಲಾಕರಿನಲ್ಲಿಟ್ಟಳು. ತಾನು ಎಂಥ ಹೆಂಗಸು ಎಂದು ತನಗೇ ಅಸಹ್ಯವಾಯಿತು.

ಬುಧವಾರ ಊಟದ ಬಿಡುವಿನಲ್ಲಿ, ಸೋಮವಾರದ ಆ ರೋಗಿಯನ್ನು ನೋಡಬೇಕೆನ್ನಿಸಿ, ಲಿಫ್ಟು ಹತ್ತಿ ಮೂರನೇ ಮಹಡಿಯ ವಾರ್ಡಿಗೆ ಹೋದಳು. ಅಷ್ಟು ವರ್ಷಗಳಲ್ಲಿ ವಾರ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಕಿಟಕಿ ಪಕ್ಕದ ಮಂಚದಲ್ಲಿ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದ ಹೆಂಗಸು, ತನ್ನದೇ ವಯಸ್ಸಿನವಳು. ನಗುವ ಸ್ವಭಾವದವಳು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು, ಏಕೆಂದರೆ ನಗು ಬಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಮುಖ ಕಿವುಚುತ್ತಿದ್ದಳು.

"ನೀರು ತುಂಬೋಕೆ ಬಂದ್ರಾ? ಬನ್ನಿ ಬನ್ನಿ. ನಮ್ಮಣ್ಣ ಬೆಳಗ್ಗೆಯಿಂದ ತರ್ತೀನಿ ತರ್ತೀನಿ ಅಂತ ಕೂತೇ ಇದಾನೆ. ಅಯ್ಯೋ, ನಗಿಸಬೇಡಪ್ಪ, ಹೊಲಿಗೆ ಎಳೆಯುತ್ತೆ."

ದೊಡ್ಡಕ್ಕ ಹೂಜಿ ಎತ್ತಿಕೊಂಡಳು. ಅಣ್ಣ ಎಂಬಾತ ಸಣ್ಣ ಸ್ಟೂಲಿನ ಮೇಲೆ ಧುಮುಗುಡುತ್ತಿದ್ದ. "ಐದು ದಿನಕ್ಕೆ ಮನೆಗೆ ಅಂದಿದ್ರು. ಈಗ ಹತ್ತಂತೆ. ಒಂದು ಸಲ ಹೊಲಿದದ್ದನ್ನ ಬಿಚ್ಚಿ ಮತ್ತೆ ಹೊಲಿಯೋಕೆ ಇದೇನು ದಿಂಬೇನ್ರಿ? ಕೆಳಗೆ ಯಾವಳೋ ಹುಡುಗಿಯಂತೆ, ನಾಲ್ಕರ ತನಕ ಎಣಿಸೋಕೆ ಬರಲ್ವಂತೆ. ಮನೆಗೆ ಕಳಿಸ್ತಾರಂತೆ, ಕಳಿಸ್ಲಿ."

"ಪಾಪ ಕಣೋ" ಎಂದಳು ತಂಗಿ. "ಬಂದು ಹಿಂಗಾಯ್ತು ಅಂತ ಒಂದು ಮಾತು ಹೇಳಿದ್ದಿದ್ರೆ ನಂಗೆ ಸಾಕಿತ್ತು. ಬೈಯ್ತಾನೂ ಇರ್ಲಿಲ್ಲ. ನಾನೂ ಎಷ್ಟು ಸಲ ಬ್ಲೌಸ್ ಬಟ್ಟೆ ತಪ್ಪಾಗಿ ಕತ್ತರಿಸಿದೀನಿ."

ದೊಡ್ಡಕ್ಕ ಹೂಜಿ ತುಂಬಿಸಿ ತಂದಿಡುವಾಗ ನೀರು ಚೆಲ್ಲಿತು. "ಕ್ಷಮಿಸಿ" ಎಂದಳು. ಆ ಹೆಂಗಸು, "ನೀರಿಗೆ ಯಾಕ್ರೀ ಕ್ಷಮೆ" ಎಂದು ನಕ್ಕು ಮತ್ತೆ ಹೊಟ್ಟೆ ಹಿಡಿದುಕೊಂಡಳು.

ಲಿಫ್ಟಿಗೆ ಕಾಯದೆ ದೊಡ್ಡಕ್ಕ ಮೆಟ್ಟಿಲಿಳಿದಳು. ಹನ್ನೊಂದು ವರ್ಷ ತಾನು ಹೊಗಳಿಕೆಯನ್ನಷ್ಟೇ ಬೇರೆಯವರಿಗೆ ಬಿಟ್ಟುಕೊಟ್ಟೆ ಎಂದುಕೊಂಡಿದ್ದಳು. ಬೈಗುಳವನ್ನೂ ಅದೇ ಚೀಟಿಯಲ್ಲಿ ಸುತ್ತಿ ದಾಟಿಸುತ್ತಿದ್ದಳು, ಮೊದಲು ಒಬ್ಬ ಮುದುಕನಿಗೆ, ಆಮೇಲೆ ಒಂದು ಹುಡುಗಿಗೆ. ಅದಕ್ಕೆ ಜನ ವಿನಯ ಎಂದಿದ್ದರು, ಅವಳೂ ಹೌದೆಂದು ಒಳಗೊಳಗೇ ಉಬ್ಬಿದ್ದಳು. ಖಾಲಿ ಗೋಡೆಯ ಬಳಿ ಬರುವಾಗ ಕಾಲು ತಾನಾಗಿ ನಿಂತಿತು.

ಗುರುವಾರ ಹತ್ತು ಗಂಟೆಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮೂವರಿದ್ದರು. ಮೇಜಿನ ಹಿಂದೆ ಸಾಹೇಬರು. ಒಂದು ಕಡೆ, ಸೋಮವಾರ ಆ ಟ್ರೇ ಬಿಚ್ಚಿದ್ದ ಥಿಯೇಟರ್ ಸಿಸ್ಟರ್. ಇನ್ನೊಂದು ಕಡೆ ಕುರ್ಚಿಯ ಅಂಚಿನಲ್ಲಿ ಗುಬ್ಬಿ. ಕರೆಯದೇ ಬಂದ ದೊಡ್ಡಕ್ಕ ಬಾಗಿಲು ತಳ್ಳಿ ಒಳಗೆ ನಿಂತಳು.

"ಸರ್, ಆ ಟ್ರೇ ಕಟ್ಟಿದ್ದು ನಾನು."

ಸಾಹೇಬರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಆಮೇಲೆ ಅವರ ಮುಖ ಮೆತ್ತಗಾಯಿತು, ಅದನ್ನು ನೋಡಿಯೇ ದೊಡ್ಡಕ್ಕನಿಗೆ ಗಾಬರಿಯಾಯಿತು.

"ನೀವು ಹಿಂಗೆ ಬಂದೇ ಬರ್ತೀರಿ ಅಂತ ನಂಗೆ ಗೊತ್ತಿತ್ತಮ್ಮ. ಎಲೆಮರೆ ಕಾಯಿ ಅಂತ ಸುಮ್ನೆ ಅಂತಾರಾ? ನೀವೇ ಬೆಳೆಸಿದ ಹುಡುಗಿ, ಕರುಳು ಚುರುಕ್ ಅನ್ನುತ್ತೆ. ಆದ್ರೆ ಮಾಡಿದೋರು ಅನುಭವಿಸಬೇಕು."

"ಇಲ್ಲ ಸರ್, ನಿಜವಾಗ್ಲೂ ನಾನೇ. ನನ್ನ ಟ್ರೇಗೆಲ್ಲ ಅವಳು ನಂಬರ್ ಹಾಕೋದು."

"ನಿಮ್ಮ ಟ್ರೇ? ನೀವು ತೊಳೆಯೋದು, ಹುಡುಗೀರಿಗೆ ಕಲಿಸೋದು ತಾನೇ?" ಸಾಹೇಬರು ಪಕ್ಕದ ದಪ್ಪ ರಿಜಿಸ್ಟರ್ ತೆರೆದು ಅವಳತ್ತ ತಿರುಗಿಸಿದರು. "ಇಗೋ, ಹೋದ ವರ್ಷದ್ದು. ಇಗೋ, ಅದರ ಹಿಂದಿನ ವರ್ಷದ್ದು. ಇದರಲ್ಲಿ ನೀವೆಲ್ಲಿದೀರ, ತೋರಿಸಿ ನೋಡೋಣ?"

ಪುಟದ ತುಂಬ ಹದಿಮೂರು, ನಾಲ್ಕು, ಒಂಬತ್ತು. ದೊಡ್ಡಕ್ಕ ಬೆರಳಿಟ್ಟು ಸಾಲು ಸಾಲು ಇಳಿದಳು, ಎಲ್ಲಾದರೂ ಒಂದೇ ಒಂದು ಏಳು ಸಿಕ್ಕೀತೇ ಎಂದು. ಸಿಗಲಿಲ್ಲ. ಇಷ್ಟು ವರ್ಷ ಬೇಡವೆಂದು ಅಳಿಸಿಕೊಂಡವಳು ಈಗ ಬೇಕೆಂದರೆ ಎಲ್ಲಿಂದ ಬರಬೇಕು? ಚೀಲದಿಂದ ಕನ್ನಡಕದ ಪೆಟ್ಟಿಗೆ ತೆಗೆದು, ನಟ್ಟನ್ನು ಮೇಜಿನ ಮೇಲಿಟ್ಟಳು.

"ಇದು ಆ ನಾಲ್ಕನೇದು ಸರ್. ನನ್ನ ಪೆಟ್ಟಿಗೇಲಿತ್ತು."

ಸಾಹೇಬರು ಅದನ್ನು ಮುಟ್ಟಲೂ ಇಲ್ಲ. "ಇಂಥ ನಟ್ಟು ಸ್ಟೋರಲ್ಲಿ ಡಬ್ಬಿಗಟ್ಟಲೆ ಬಿದ್ದಿವೆ. ಮನೆಗೆ ಹೋಗಿ ಸುಧಾರಿಸ್ಕೊಳ್ಳಿ."

ಅಷ್ಟು ಹೊತ್ತೂ ತಲೆ ಎತ್ತದಿದ್ದ ಥಿಯೇಟರ್ ಸಿಸ್ಟರ್ ಕೆಮ್ಮಿದಳು. "ಸರ್, ಅವರು ಸುಳ್ಳು ಹೇಳ್ತಿಲ್ಲ" ಎಂದಳು.

"ನಿಮಗೆ ಹೇಗೆ ಗೊತ್ತು?"

ಸಿಸ್ಟರ್ ಮೇಜಿನ ಮೇಲಿದ್ದ ದಿನಪತ್ರಿಕೆಯ ಎರಡು ಹಾಳೆ ಹರಿದು, ಒಂದನ್ನು ಗುಬ್ಬಿಗೆ, ಒಂದನ್ನು ದೊಡ್ಡಕ್ಕನಿಗೆ ಕೊಟ್ಟು, ಮುಂದೆ ಒಂದೊಂದು ಡೈರಿ ಇಟ್ಟಳು. "ಟ್ರೇ ಅಂದ್ಕೊಂಡು ಕಟ್ಟಿ" ಎಂದಳು. ಇಬ್ಬರೂ ಕಟ್ಟಿದರು. ಗುಬ್ಬಿಯ ಪೊಟ್ಟಣದ ಕಿವಿ ಬಲಕ್ಕೆ ತಿರುಗಿತ್ತು. ದೊಡ್ಡಕ್ಕನದು ಎಡಕ್ಕೆ.

"ಸೋಮವಾರದ ಟ್ರೇ ಎಡಗಡೆಯದು ಸರ್. ಬಿಚ್ಚಿದ್ದು ನಾನೇ" ಎಂದಳು ಸಿಸ್ಟರ್. "ಥಿಯೇಟರಲ್ಲಿ ನಾವು ಯಾರೂ ನಂಬರ್ ನೋಡಲ್ಲ. ಎಡಕ್ಕೆ ಮಡಿಸಿದ ಮೂಲೆ ಬಂದ್ರೆ ಸಾಕು, ಅವತ್ತು ನೆಮ್ಮದಿ ಅಂತೀವಿ. ಕಷ್ಟದ ಕೇಸಿಗೆ ಅಂತ ಆ ಟ್ರೇ ಎತ್ತಿಡ್ತೀವಿ. ಯಾರ ಕೈ ಅಂತ ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋ ಅಗತ್ಯಾನೂ ಬಂದಿರ್ಲಿಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ದೊಡ್ಡಕ್ಕ ಆಕಾಶಕ್ಕೆ ಏರುತ್ತಿದ್ದಳು. ಸಿಸ್ಟರ್ ಅಲ್ಲಿಗೇ ನಿಲ್ಲಿಸಲಿಲ್ಲ.

"ಇನ್ನೊಂದು ಹೇಳಬೇಕು. ಟ್ರೇ ಬಿಚ್ಚಿದ ಕೂಡಲೇ, ಶುರು ಮಾಡೋ ಮೊದಲು ಎಣಿಸಬೇಕು ಅನ್ನೋದು ನಿಯಮ. ಎಡಗಡೆ ಟ್ರೇನ ನಾನು ಎಣಿಸಲ್ಲ ಸರ್. ಎಷ್ಟೋ ವರ್ಷದಿಂದ ಎಣಿಸಿಲ್ಲ, ಪಟ್ಟಿಗೆ ಸಹಿ ಹಾಕ್ತೀನಿ. ಎಣಿಸಿದ್ದಿದ್ರೆ ಸೋಮವಾರ ಮೂರೇ ಇದೆ ಅಂತ ಚಾಕು ಮುಟ್ಟೋ ಮೊದಲೇ ಗೊತ್ತಾಗ್ತಿತ್ತು. ಆ ಹೆಂಗಸಿನ ಹೊಟ್ಟೆ ಎರಡನೇ ಸಲ ತೆರೆಯೋ ಹಾಗಿರ್ಲಿಲ್ಲ. ನನ್ನ ತಪ್ಪೂ ಬರ್ಕೊಳ್ಳಿ."

ದೊಡ್ಡಕ್ಕನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೆಳಗೆ ಎಣಿಸದೇ ನಂಬರ್ ಹಾಕಿದ ಹುಡುಗಿ, ಮೇಲೆ ಎಣಿಸದೇ ಸಹಿ ಹಾಕಿದ ಸಿಸ್ಟರ್, ಇಬ್ಬರೂ ಅವಳ ಕೈಯನ್ನೇ ನಂಬಿದವರು. ಆ ಕೈಯಾದರೋ ಒಂದು ನಟ್ಟನ್ನು ಕನ್ನಡಕದ ಬಟ್ಟೆಯಡಿ ಮುಚ್ಚಿಟ್ಟು ಬಸ್ಸು ಹತ್ತಿತ್ತು.

ಗುಬ್ಬಿ ನಟ್ಟನ್ನೇ ನೋಡುತ್ತಿದ್ದಳು. "ಇದು ಯಾವಾಗ ಸಿಕ್ತು?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಸೋಮವಾರ ಸಂಜೆ."

"ಮಂಗಳವಾರ ನಾನು ಲಾಕರ್ ಖಾಲಿ ಮಾಡುವಾಗ?"

ಸುಳ್ಳು ಹೇಳಲು ಅವಕಾಶವಿತ್ತು. "ಚೀಲದಲ್ಲೇ ಇತ್ತು" ಎಂದಳು ದೊಡ್ಡಕ್ಕ.

ಗುಬ್ಬಿ ತಲೆ ಆಡಿಸಿದಳು, ಲೆಕ್ಕವೊಂದು ಸರಿಹೋದವಳಂತೆ. ಅಳಲಿಲ್ಲ. ಅವಳು ಅತ್ತಿದ್ದರೆ ದೊಡ್ಡಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಗುಬ್ಬಿಗೆ ಕುರ್ಚಿಯೂ ಗೋಡೆಯ ಜಾಗವೂ ಮರಳಿ ಸಿಕ್ಕವು. ಬೇರೆಯವರ ಟ್ರೇಗೆ ಸಂಖ್ಯೆ ಹಾಕಿದ್ದಕ್ಕೆ ಎಚ್ಚರಿಕೆಯ ಪತ್ರವೂ ಸಿಕ್ಕಿತು. ಸಿಸ್ಟರಿಗೂ ಅಂಥದೇ ಒಂದು. ದೊಡ್ಡಕ್ಕನನ್ನು ಒಂದು ತಿಂಗಳು ಮನೆಯಲ್ಲಿ ಕೂರಿಸಿದರು. ಮನೆಗೆ ಹೋಗುವ ಮೊದಲು ಅವಳು ಮೂರನೇ ಮಹಡಿಗೆ ಹೋದಳು. ಕಿಟಕಿ ಪಕ್ಕದ ಮಂಚದ ಸುತ್ತ ಪರದೆ ಎಳೆದಿತ್ತು, ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು, ಒಳಗಿನಿಂದ ಆ ಹೆಂಗಸು ನರಳುವುದು ಕೇಳುತ್ತಿತ್ತು. ಅಣ್ಣ ಹೊರಗೆ ಗೋಡೆಗೆ ಒರಗಿದ್ದ. ದೊಡ್ಡಕ್ಕ ಕಾದು ನಿಂತಳು, ಆಮೇಲೆ ನಾಳೆ ಬರುತ್ತೇನೆ ಎಂದುಕೊಂಡು ಹೊರಟಳು. ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಕೊನೆಗೆ ಧೈರ್ಯ ಮಾಡಿ ಹೋದ ದಿನ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಆ ಹೆಂಗಸು ಕೇಳಿದ್ದು ಒಂದೇ ಮಾತು, ಅದನ್ನೂ ಕೊಡಲಾಗಲಿಲ್ಲ. ಗಂಡನಿಗೆ ಎಲ್ಲ ಹೇಳಿದಳು. ಅವನು, "ಅವತ್ತು ಬ್ರೇಕಿನ ಮಾತು ಆಡಿದೆನಲ್ಲ, ನಾನೆಂಥ ಪೆದ್ದ" ಎಂದ. "ಇಲ್ಲ ರೀ, ಆಡಿದ್ದೇ ಒಳ್ಳೇದಾಯ್ತು" ಎಂದಳು.

ತಿಂಗಳು ಕಳೆದು ಕೆಲಸಕ್ಕೆ ಬಂದ ದಿನ ಥಿಯೇಟರಿನಿಂದ ಫೋನು ಬಂತು. ಸಿಸ್ಟರ್. "ಬಂದ್ರಂತೆ. ಒಳ್ಳೇದು. ಇನ್ಮೇಲೆ ನಿಮ್ಮ ಟ್ರೇನೂ ಎಣಿಸ್ತೀನಿ, ಬೇಜಾರು ಮಾಡ್ಕೋಬೇಡಿ."

"ಎಣಿಸಿ ಸಿಸ್ಟರ್" ಎಂದಳು ದೊಡ್ಡಕ್ಕ. ಆ ಕಡೆ ಫೋನು ಇಟ್ಟ ಮೇಲೂ ಅವಳು ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

ಮೇಜಿನ ಮೇಲೆ ಹೊಟ್ಟೆಯ ಆಪರೇಷನ್ನಿನ ದೊಡ್ಡ ಟ್ರೇ ಕಾಯುತ್ತಿತ್ತು. ನಟ್ಟುಗಳನ್ನು ಸ್ಟೀಲಿನ ಬಟ್ಟಲಿನಲ್ಲಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಕೂರಿಸಿ ಮತ್ತೆ ಎಣಿಸಿದಳು. ಕಟ್ಟುವ ಮೊದಲು ಗುಬ್ಬಿ ಎದುರುಗಡೆ ನಿಂತು ಪಟ್ಟಿ ಹಿಡಿದು ತಾನೂ ಒಂದೊಂದೇ ಮುಟ್ಟಿ ಎಣಿಸಿದಳು. ಮೊದಲಾಗಿದ್ದರೆ ಎಣಿಸುತ್ತಲೇ ಹತ್ತು ಸುದ್ದಿ ಹೇಳುತ್ತಿದ್ದ ಹುಡುಗಿ. ಈಗ ಅಂಕೆ ಬಿಟ್ಟರೆ ಬೇರೆ ಮಾತಿಲ್ಲ. ದೊಡ್ಡಕ್ಕನ ಎಡಗೈ ಬಟ್ಟೆ ಮಡಿಸಿತು, ಮೂಲೆ ಎಡಕ್ಕೆ ತಿರುಗಿತು. ಆ ಕೈಗೆ ಬೇರೆ ರೀತಿ ಬರುತ್ತಿರಲಿಲ್ಲ.

"ನಿನ್ನ ಟೀ ಲೋಟ ಲಾಕರಲ್ಲೇ ಇದೆ ಕಣೇ. ತೊಳೆದಿಟ್ಟಿದ್ದೆ" ಎಂದಳು ದೊಡ್ಡಕ್ಕ, ಏನಾದರೂ ಹೇಳಬೇಕೆಂದು.

"ನೋಡಿದೆ" ಎಂದಳು ಗುಬ್ಬಿ. ಚೀಟಿ ಮತ್ತು ಪೆನ್ನನ್ನು ಅವಳತ್ತ ಸರಿಸಿದಳು. "ಸರಿಯಾಗಿದೆ ಮೇಡಂ. ನಿಮ್ಮ ನಂಬರ್ ಬರೀರಿ."

ಆ ಕೋಣೆಯಲ್ಲಿ ಅವಳನ್ನು ಯಾರೂ ಎಂದೂ ಮೇಡಂ ಎಂದು ಕರೆದಿರಲಿಲ್ಲ. ದೊಡ್ಡಕ್ಕ ಪೆನ್ನು ತೆಗೆದುಕೊಂಡು, ಹನ್ನೊಂದು ವರ್ಷದ ಮೇಲೆ ಮೊದಲ ಸಲ, ಏಳು ಎಂದು ಬರೆದಳು.